ಏಳನೇ ಬಾಗಿಲವಳ ಹೂಂ

ಅಮ್ಮಯಮ್ಮನ ಕತೆಗಳಲ್ಲಿ ಏಳು ಸಮುದ್ರ ದಾಟಿ, ಏಳು ಕೋಟೆ ದಾಟಿ ಹೋದ ಮೇಲೆ ಒಂದು ಬಾಗಿಲು ಸಿಗುತ್ತಿತ್ತು. ಆ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿರುತ್ತಿದ್ದಳು. ಅವಳು ಯಾರು, ಅಷ್ಟು ದೂರ ಯಾಕೆ ಬಂದಳು, ಏನು ತಿಂದು ಬದುಕಿದ್ದಾಳೆ ಎಂದು ಕೇಳಿದರೆ, "ಅದೆಲ್ಲ ಕತೆಗೆ ಬೇಕಿಲ್ಲ ಕಣೆ, ರಾಜನ ಮಗನಿಗೆ ದಾರಿ ಹೇಳೋಕೆ ಒಬ್ರು ಬೇಕಲ್ಲ" ಎಂದು ಅಮ್ಮಯಮ್ಮ ಮುಂದಕ್ಕೆ ಹೋಗಿಬಿಡುತ್ತಿದ್ದಳು. ಮೊಮ್ಮಗಳು ಬಿಂದುಶ್ರೀಗೆ ರಾಜನ ಮಗ ಎಲ್ಲಾದರೂ ಹೋಗಲಿ, ಆ ಮುದುಕಿ ಬೇಕಾಗಿತ್ತು.

ಹಾಗಾಗಿಯೇ, ಇಪ್ಪತ್ನಾಲ್ಕು ತುಂಬಿ ಬೆಂಗಳೂರಿನ ಒಂದು ಡಬ್ಬಿಂಗ್ ಸ್ಟುಡಿಯೋ ಸೇರಿದ ಬಿಂದು, ಜಪಾನಿನ ಅನಿಮೆ ಸರಣಿಯೊಂದು ಕನ್ನಡಕ್ಕೆ ಬಂದಾಗ ನಾಯಕಿಯ ಪಾತ್ರವನ್ನು ಕೇಳಲಿಲ್ಲ. ಸರಣಿಯ ಹೆಸರು 'ಬಾನಾಚೆಯ ಹಡಗು'. ಭೂಮಿ ಬೆಂದುಹೋದ ಮೇಲೆ ಉಳಿದ ಎರಡು ಸಾವಿರ ಜನ ಒಂದೇ ಹಡಗಿನಲ್ಲಿ ನಕ್ಷತ್ರಗಳ ನಡುವೆ ಹೊಸ ನೆಲ ಹುಡುಕಿಕೊಂಡು ಹೊರಟಿದ್ದಾರೆ. ಹಡಗಿನ ಏಳನೇ ಬಾಗಿಲ ಬಳಿ ಬೂದು ಬಣ್ಣದ ಮುಸುಕು ಹಾಕಿಕೊಂಡ ಒಬ್ಬ ಹೆಂಗಸು ಕೂತಿರುತ್ತಾಳೆ. ಅವಳ ಹೆಸರು ಪ್ರಯಾಣಿಕರ ಪಟ್ಟಿಯಲ್ಲಿಲ್ಲ. ಯಾವ ಊರಿನವಳು, ಯಾವಾಗ ಹತ್ತಿದಳು ಎಂದು ಕ್ಯಾಪ್ಟನ್‌ಗೂ ಗೊತ್ತಿಲ್ಲ. ಎದೆ ಭಾರವಾದವರು ಒಬ್ಬೊಬ್ಬರೇ ಬಂದು ಅವಳ ಮುಂದೆ ಕೂತು ಹೇಳಿಕೊಳ್ಳುತ್ತಾರೆ. ಅವಳು ಎಲ್ಲಕ್ಕೂ ಒಂದೇ ಉತ್ತರ ಕೊಡುತ್ತಾಳೆ: "ಹೂಂ." ಇಪ್ಪತ್ತಾರು ಕಂತಿನಲ್ಲಿ ಅವಳ ಬಾಯಿಂದ ಬರುವುದು ಅದೊಂದೇ.

"ಏನ್ ಲಕ್ ಗುರು ನಿಂದು," ಎಂದಿದ್ದ ಸೌಂಡ್ ಎಂಜಿನಿಯರ್ ಕಾಂತರಾಜು. "ಬೇರೆಯವ್ರು ಡೈಲಾಗ್ ಬಾಯಿಪಾಠ ಮಾಡಿ ಸಾಯ್ತಾರೆ. ನೀನು ಹೂಂ ಅಂದ್ಕೊಂಡು ಮನೆಗೆ ಹೋಗು."

ಆದರೆ ಹೂಂ ಬರಲಿಲ್ಲ. ಗಾಜಿನ ಕೋಣೆಯೊಳಗೆ ನಿಂತು ಬಿಂದು ನಲವತ್ತು ಸಲ ಹೂಂ ಅಂದಳು. ಆಚೆಯಿಂದ ಕಾಂತರಾಜು ಪ್ರತಿ ಸಲವೂ ತಲೆ ಅಲ್ಲಾಡಿಸಿದ. "ಕಸ್ಟಮರ್ ಕೇರ್‌ನವ್ರು ಅಂದಂಗೆ ಕೇಳ್ಸತ್ತೆ ಕಣಮ್ಮ. ನಿನ್ನ ಮುಂದೆ ಕೂತವನ ಊರೇ ಸುಟ್ಟೋಗಿದೆ. ನೀನು ಕಂಪ್ಲೇಂಟ್ ನಂಬರ್ ಬರ್ಕೊಳ್ತಾ ಇದೀಯ."

ಎಂಥ ಹೂಂ ಬೇಕೆಂದು ಬಿಂದುವಿಗೆ ಗೊತ್ತಿತ್ತು. ಅಪ್ಪ ಅಮ್ಮ ದೊಡ್ಡಬಳ್ಳಾಪುರದಲ್ಲಿ ಕೆಲಸಕ್ಕಿದ್ದುದರಿಂದ ಅವಳು ಹತ್ತನೇ ತರಗತಿಯವರೆಗೆ ಕುಂದಾಣದ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯ ಬಳಿ ಬೆಳೆದವಳು. ಆ ಮನೆಯಲ್ಲಿ ಕತೆಗೆ ಎರಡು ಕಟ್ಟಳೆ ಇದ್ದವು. ಹಗಲು ಹೊತ್ತು ಕತೆ ಹೇಳಬಾರದು, ಹೇಳಿದರೆ ದಾರಿಯಲ್ಲಿ ಹೋಗುವವರು ದಾರಿ ತಪ್ಪುತ್ತಾರೆ. ಎರಡನೆಯದು, ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಂತಲ್ಲೇ ನಿಲ್ಲುತ್ತದೆ, ರಾಜನ ಮಗ ಬೆಟ್ಟದ ಅರ್ಧದಲ್ಲೇ ನೇತಾಡಿಕೊಂಡಿರಬೇಕು. ಕತೆಯಿಲ್ಲದ ಹೊತ್ತಿನಲ್ಲಿ ಊರಿನ ಹೆಂಗಸರು ಬಂದು ಅಮ್ಮಯಮ್ಮನ ಮುಂದೆ ಕೂರುತ್ತಿದ್ದರು. ಆಗ ಹೂಂಗುಟ್ಟುವ ಪಾಳಿ ಅವಳದು. ಅವಳು ಬುದ್ಧಿ ಹೇಳಿದವಳಲ್ಲ, ಸಮಾಧಾನ ಹೇಳಿದವಳೂ ಅಲ್ಲ. ಹೂಂ ಅನ್ನುತ್ತಿದ್ದಳು. ಬಂದವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಂದದ್ದಕ್ಕಿಂತ ಹಗುರವಾಗಿ ಎದ್ದು ಹೋಗುತ್ತಿದ್ದರು.

ಅಜ್ಜಿಯನ್ನು ಕೇಳಿದ್ದರೆ ಕೊಡುತ್ತಿದ್ದಳು. ಬಿಂದು ಕೇಳಲಿಲ್ಲ. ಕೇಳಿ ಪಡೆದ ಹೂಂ ನಾಟಕದ ಹೂಂ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ದೀಪಾವಳಿ ಕಳೆದು ಒಂದು ವಾರಕ್ಕೆ ಊರಿಗೆ ಹೋದಳು. ಅಮ್ಮಯಮ್ಮ ಹಿತ್ತಿಲಿನ ಚಕ್ಕೋತದ ಮರದ ಕೆಳಗೆ ಅವರೆಕಾಯಿ ಸುಲಿಯುತ್ತಿದ್ದಳು. "ಮೊರ ಪಕ್ಕಕ್ಕಿಡಜ್ಜಿ, ಸ್ವಲ್ಪ ಮಾತಾಡ್ಬೇಕು" ಎಂದಳು ಬಿಂದು. ಸಿಪ್ಪೆಯ ಸದ್ದು ರೆಕಾರ್ಡಿಂಗ್‌ಗೆ ಬರಬಾರದಲ್ಲ. ಅಜ್ಜಿಯ ಮುಖ ಅರಳಿದ್ದನ್ನು ಅವಳು ಅವತ್ತು ಕಂಡೂ ಕಾಣದಂತೆ ಇದ್ದಳು. ಮಡಿಸಿದ ಟವೆಲ್ಲಿನ ಕೆಳಗೆ ಫೋನಿಟ್ಟು ಸುಳ್ಳು ಹೇಳತೊಡಗಿದಳು.

ಮೊದಲು, ಕೆಲಸ ಹೋಯಿತು ಅಂದಳು. ಹೂಂ. ಅದು ಸಾದಾ ದೃಶ್ಯಗಳಿಗೆ ಆಗುವಂತಿತ್ತು. ಆಮೇಲೆ, ಒಬ್ಬ ಹುಡುಗನಿದ್ದ, ಮದುವೆಯಾಗುತ್ತೇನೆ ಎಂದು ಮಾತು ಕೊಟ್ಟು ಬೇರೆಯವಳನ್ನು ಕಟ್ಟಿಕೊಂಡ ಅಂದಳು. ಈ ಸಲ ಹೂಂ ಇನ್ನೂ ಕೆಳಗಿನಿಂದ ಬಂತು. ಆದರೆ ಹನ್ನೊಂದನೇ ಕಂತಿನಲ್ಲಿ, ಮಕ್ಕಳನ್ನು ಕಳೆದುಕೊಂಡ ಪೈಲಟ್ ಬಂದು ಕೂರುವ ದೃಶ್ಯಕ್ಕೆ, ಅದೂ ಸಾಲದು. ಬಿಂದು ನೆಲ ನೋಡುತ್ತಾ ಹೇಳಿದಳು: "ಒಂದೊಂದ್ಸಲ ಇರ್ಲೇಬಾರ್ದು ಅನ್ಸತ್ತಜ್ಜಿ."

ಮೇಲೆ ಒಂದು ವಿಮಾನ ಹಾದು, ಅದರ ಸದ್ದು ದೂರವಾಗುವಷ್ಟು ಹೊತ್ತು ಕಳೆಯಿತು. ಆಮೇಲೆ ಬಂತು ಆ ಹೂಂ. ಬಾವಿಯ ತಳಕ್ಕೆ ಇಳಿದ ಕೊಡ ತುಂಬಿಕೊಂಡು ಮೇಲೆ ಬಂದಂತೆ.

"ಇದೇ," ಎಂದ ಕಾಂತರಾಜು ಸ್ಟುಡಿಯೋದಲ್ಲಿ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. "ಎಲ್ಲಿತ್ತಮ್ಮ ಇದು ನಿನ್ನ ಒಳಗೆ?" ಬಿಂದು ನಕ್ಕಳು. ಮನೆಯಲ್ಲಿ ಒಬ್ಬಳೇ ಇದ್ದಾಗ ರೆಕಾರ್ಡ್ ಮಾಡಿಕೊಂಡೆ, ದನಿ ದಪ್ಪ ಮಾಡಿದ್ದೇನೆ ಎಂದಳು. ಕಂತಿನ ಕೊನೆಯಲ್ಲಿ 'ಏಳನೇ ಬಾಗಿಲವಳು: ಬಿಂದುಶ್ರೀ' ಎಂದು ಹೆಸರು ಬಂತು. ಸರಣಿ ಬಿಡುಗಡೆಯಾದ ತಿಂಗಳಲ್ಲೇ ಜನ ಆ ಹೂಂ ಅನ್ನು ಕತ್ತರಿಸಿ ತಮ್ಮ ರೀಲ್ಸ್‌ಗೆ ಅಂಟಿಸಿಕೊಂಡರು. ಬಾಗಿಲವಳು ಯಂತ್ರವೋ ದೆವ್ವವೋ ಕ್ಯಾಪ್ಟನ್ನಿನ ತಾಯಿಯೋ ಎಂದು ಕಾಲೇಜು ಹುಡುಗರು ಜಗಳವಾಡಿದರು. ಎರಡನೇ ಸೀಸನ್ನಿನಲ್ಲಿ ಅವಳು ಮುಸುಕು ತೆಗೆಯುತ್ತಾಳೆಂದು ಸುದ್ದಿಯಾಯಿತು. ಅದಕ್ಕೆ ಇನ್ನೂ ಮೂವತ್ತು ಹೂಂ ಬೇಕಿತ್ತು.

ಹೀಗೆ ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಬಿಂದು ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಂಡು, ಹೊಸ ಸುಳ್ಳುಗಳನ್ನು ಬಸ್ಸಿನಲ್ಲೇ ಹೊಂದಿಸಿಕೊಂಡು, ಊರಿಗೆ ಬಂದಿಳಿದಳು.

ಜಗಲಿಯ ಮೇಲೆ ಚಿಕ್ಕಪ್ಪ ಮುನಿಕೃಷ್ಣ ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವವನು, ಇರುಳ ಪಾಳಿ ಮುಗಿಸಿ ಆಗತಾನೇ ಬಂದಿದ್ದ. "ಬಾರವ್ವ, ಹಡಗಿನವಳೆ" ಎಂದ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಗಂಟೆಯ ಬದಲು ಅದರೊಳಗಿಂದ ಬಂದದ್ದು ಅಜ್ಜಿಯ ಹೂಂ. ಅವತ್ತಿನ ಕೊನೆಯ ಹೂಂ. ಮತ್ತೆ ಮತ್ತೆ, ಅವನು ಎತ್ತುವವರೆಗೆ.

"ಹೆಂಗೈತೆ?" ಎಂದ, ಮಾತು ಮುಗಿಸಿ. "ಟರ್ಮಿನಲ್ ಟೂನಲ್ಲಿ ಹತ್ತೋ ಹುಡುಗ್ರು ಇದನ್ನ ಕೇಳಿ ಬಿದ್ದು ಬಿದ್ದು ನಗ್ತಾರೆ. ನಮ್ಮಣ್ಣನ ಮಗಳದೇ ವಾಯ್ಸು ಅಂದ್ರೆ ನಂಬಲ್ಲ ನನ್ಮಕ್ಕಳು. ನಿಮ್ಮಜ್ಜಿಗೂ ಕೇಳ್ಸಿದೆ. ಏನಂದ್ಲು ಗೊತ್ತಾ? ಪಾಪ, ಯಾರೋ ಮುದುಕಿ, ಎದೇಲಿ ಏನೋ ಇಟ್ಕೊಂಡು ಒದ್ದಾಡ್ತಾವಳೆ ಅಂದ್ಲು."

ಬಿಂದು ಚಪ್ಪಲಿ ಕಳಚುವ ನೆಪದಲ್ಲಿ ಬಗ್ಗಿದಳು. ತಲೆ ಎತ್ತಿದವಳಿಗೆ ಬಾಗಿಲ ಪಕ್ಕದ ಮೊಳೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನೇತುಹಾಕಿದ ಅಜ್ಜಿಯ ಹವಾಯಿ ಚಪ್ಪಲಿ ಕಂಡಿತು. ಕವರಿನ ಮೇಲೆ ದೂಳು ಕೂತಿತ್ತು.

"ಇದ್ಯಾಕೆ ಇಲ್ಲಿ?"

ಒಳಗಿನಿಂದ ಪಾಪಕ್ಕ ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. "ಕೇಳವ್ವ, ನೀನಾದ್ರೂ ಕೇಳು. ದೀಪಾವಳಿಯಾಗಿ ನೀನು ಬಂದು ಹೋದ್ಯಲ್ಲ, ಅದರ ಮಾರನೇ ದಿನದಿಂದ ಬರಿಗಾಲು. ಸಪ್ಪಲಮ್ಮನ ಹರಕೆಯಂತೆ. ಪ್ರತಿ ಮಂಗಳವಾರ ಗುಡೀಗೆ ನಡ್ಕೊಂಡು ಹೋಗೋದು, ಈ ಬಿಸಿಲಲ್ಲಿ, ಈ ಟಾರ್ ರೋಡಲ್ಲಿ. ಕಾಲು ಬೊಬ್ಬೆ ಬಂದು ಒಡೆದೋಗೈತೆ. ಯಾವ್ದಕ್ಕೆ ಅತ್ತೆ ಹರಕೆ ಅಂದ್ರೆ ಬಾಯಿ ಬಿಡಲ್ಲ. ನಾನೇನೋ ಅಂದ್ಬಿಟ್ಟೆ, ನನ್ನ ಮೇಲೇ ಮುನಿಸು ಅಂತ ಊರೆಲ್ಲ ಮಾತಾಡ್ಕೊಂತಾರೆ."

ಹೇಳಬಾರದ ಹರಕೆ ಅದು. ಯಾರಿಗಾಗಿ ಹೊತ್ತೆವೆಂದು ಹೇಳಿದರೆ ಫಲಿಸುವುದಿಲ್ಲವೆಂದು ಆ ಕಡೆಯ ಹೆಂಗಸರ ನಂಬಿಕೆ. ಬಿಂದು ಮನಸ್ಸಿನಲ್ಲೇ ತಿಂಗಳುಗಳನ್ನು ಎಣಿಸಿದಳು. ಎಣಿಸುವುದು ಬೇಕಿರಲಿಲ್ಲ. ಒಂದು ಲೋಟ ನೀರು ಕೇಳಿ ಕುಡಿದಳು. ಲೋಟವಿಟ್ಟು ಹಿಂದಕ್ಕೆ ನಡೆದಳು.

ಹಿತ್ತಿಲಲ್ಲಿ ಅಮ್ಮಯಮ್ಮ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಮೊಮ್ಮಗಳನ್ನು ಕಂಡಿದ್ದೇ ಸುತ್ತಿಗೆಯನ್ನು ತಾನಾಗಿಯೇ ಪಕ್ಕಕ್ಕಿಟ್ಟಳು. ಹೋದ ಸಲ ಮೊರ ಪಕ್ಕಕ್ಕಿಡು ಎಂದಿದ್ದು ಅವಳಿಗೆ ನೆನಪಿತ್ತು. ಚಾಚಿದ ಕಾಲುಗಳ ಅಂಗಾಲು ಬಿಂದುವಿನ ಕಡೆಗಿತ್ತು. ಹಿಮ್ಮಡಿಯಲ್ಲಿ ಆಳವಾದ ಬಿರುಕುಗಳು, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಒಡೆದು ಒಣಗಿದ ಗುರುತು, ಅದರ ಮೇಲೆ ಅರಿಸಿನ.

ಹೇಳಿಬಿಡಬೇಕೆಂದೇ ಬಿಂದು ಬಂದು ಕೂತದ್ದು. ಆದರೂ ಕೂರುವಾಗ ಅವಳ ಕೈ ಫೋನಿನ ಕೆಂಪು ಗುಂಡಿ ಒತ್ತಿ, ಫೋನನ್ನು ಟವೆಲ್ಲಿನ ಕೆಳಗೆ ಇಟ್ಟಿತು. ಮೊದಲು ಕೆಲಸ ಮುಗಿಯಲಿ, ಆಮೇಲೆ ಹೇಳಿದರಾಯಿತು. ಇಷ್ಟು ದಿನ ಇದ್ದದ್ದು ಇನ್ನರ್ಧ ಗಂಟೆ ಇದ್ದರೆ ಏನಾಗುತ್ತದೆ. ಹಾಗೊಂದು ಯೋಚನೆ ತನ್ನೊಳಗೆ ಬಂತೆಂಬುದನ್ನು ಮುಂದೆ ಎಷ್ಟೋ ಕಾಲ ಅವಳಿಗೆ ಮರೆಯಲಾಗಲಿಲ್ಲ.

ಅಮ್ಮಯಮ್ಮ ಮನೆಯ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು.

"ಈಗ ಹೆಂಗಿದೀಯ ಮಗ?"

"ಚೆನ್ನಾಗಿದೀನಜ್ಜಿ."

"ಆ ಮಾತು... ಆ ಥರ ಇನ್ನೂ ಅನ್ಸತ್ತಾ?"

ಬಿಂದು ಟವೆಲ್ಲಿನ ಅಂಚು ಸರಿಮಾಡಿದಳು.

"ಹೇಳ್ಬೇಡ ಬಿಡು. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನಿಮ್ಮಪ್ಪನ ಹತ್ರಾನೂ ಇಲ್ಲ. ಹುಡುಗನ ವಿಷಯ ಹೊರಗೆ ಬಿದ್ರೆ ಜನ ನಿನ್ನ ತಾನೆ ಅನ್ನೋದು. ಪಾಪಕ್ಕನ ಮೇಲೆ ಮಾತು ಬಂತು, ಬರ್ಲಿ ಅಂತ ಸುಮ್ಕಾದೆ. ತಪ್ಪೇ ಅದು." ಅವಳು ಬಿಂದುವಿನ ಮೊಣಕಾಲ ಮೇಲೆ ಕೈಯಿಟ್ಟಳು. ಹುಣಸೆಯ ಅಂಟು ಲಂಗಕ್ಕೆ ಹತ್ತಿತು. "ನಿನ್ನ ಎದೆ ತಣ್ಣಗಾಯ್ತು ಅಂತ ನಿನ್ನ ಬಾಯಿಂದ ಒಂದು ಮಾತು ಬಂದ್ರೆ ಸಾಕು ನಂಗೆ."

ಹೂಂ, ತಣ್ಣಗಾಯಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ಹರಕೆ ತೀರುತ್ತಿತ್ತು, ಚಪ್ಪಲಿ ಮೊಳೆಯಿಂದ ಇಳಿಯುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಿಂದುವಿನ ಬಾಯಿ ಅದಕ್ಕೆ ತೆರೆದೂ ತೆರೆಯಿತು. ಆದರೆ ಟವೆಲ್ಲಿನ ಕೆಳಗೆ ಆ ಮಾತೂ ರೆಕಾರ್ಡ್ ಆಗುತ್ತಿತ್ತು.

"ಅಜ್ಜಿ, ಒಂದು ಕತೆ ಹೇಳ್ತೀನಿ."

"ಹಗಲೊತ್ತಲ್ಲಾ?" ಅಮ್ಮಯಮ್ಮ ಆಕಾಶ ನೋಡಿದಳು. "ಮೇಲೆ ವಿಮಾನದಲ್ಲಿ ಅಷ್ಟೊಂದು ಜನ ಹೋಗ್ತಾವ್ರೆ. ದಾರಿ ತಪ್ಪಿ ಎಲ್ಲೋ ಇಳಿದಾರು."

"ಸಣ್ಣ ಕತೆ. ಹೂಂ ಅನ್ನು."

"ಹೂಂ."

"ಒಂದೂರಲ್ಲಿ ಒಬ್ಳು ಅಜ್ಜಿ, ಒಬ್ಳು ಮೊಮ್ಮಗಳು ಇದ್ರು."

"ಹೂಂ."

"ಮೊಮ್ಮಗಳಿಗೆ ಒಂದು ಕೆಲಸ ಒಪ್ಪಿಸಿದ್ರು. ಒಂದು ದನಿ ತರ್ಬೇಕು ಅಂತ. ಅವಳ ಗಂಟಲಲ್ಲಿ ಅದು ಇರ್ಲಿಲ್ಲ. ಅಜ್ಜಿ ಗಂಟಲಲ್ಲಿ ಇತ್ತು."

"ಹೂಂ."

"ಕೇಳಿದ್ರೆ ಅಜ್ಜಿ ಕೊಡ್ತಿದ್ಲು. ಅವಳು ಕೇಳ್ಲಿಲ್ಲ. ಯಾರಾದ್ರೂ ಕಷ್ಟ ಹೇಳ್ಕೊಂಡ್ರೆ ಅಜ್ಜಿಗೆ ಆ ದನಿ ತಾನಾಗೇ ಬರೋದು. ಅದಕ್ಕೆ ಇವಳು ಇಲ್ಲದ ಕಷ್ಟ ಹೇಳಿದ್ಲು. ಒಂದಾದ ಮೇಲೆ ಒಂದು. ದನಿ ಬಂತು. ಫೋನಲ್ಲಿ ಹಿಡ್ಕೊಂಡು ಹೋದ್ಲು. ಊರಿಗೆಲ್ಲ ನಂದೇ ದನಿ ಅಂದ್ಲು."

ಹೂಂ ಬರಲಿಲ್ಲ.

ಬಿಂದು ಕಾದಳು. ಮರದಿಂದ ಒಂದು ಒಣಗಿದ ಎಲೆ ಹುಣಸೆಬೀಜದ ರಾಶಿಯ ಮೇಲೆ ಬಿತ್ತು. ಅಮ್ಮಯಮ್ಮ ತನ್ನ ಕೈಯನ್ನು ಮೊಮ್ಮಗಳ ಮೊಣಕಾಲಿನಿಂದ ತೆಗೆದು ತನ್ನ ಮಡಿಲಿನಲ್ಲಿಟ್ಟುಕೊಂಡಳು.

"ಕೆಲಸ?" ಎಂದಳು.

"ಹೋಗಿರ್ಲಿಲ್ಲ."

"ಆ ಹುಡುಗ?"

"ಯಾರೂ ಇಲ್ಲಜ್ಜಿ."

"ಕೊನೇಗೆ ಹೇಳಿದ್ದು? ಇರ್ಲೇಬಾರ್ದು ಅಂದಿದ್ದು?"

"ಅದೂ..." ಬಿಂದು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಅಮ್ಮಯಮ್ಮ ಕಣ್ಣು ಮುಚ್ಚಿದಳು. ಉಸಿರು ಒಂದು ಸಲ ಉದ್ದವಾಗಿ ಹೊರಗೆ ಬಂತು. "ಸದ್ಯ," ಎಂದಳು.

ಬೈಗುಳಕ್ಕೆ ಸಿದ್ಧವಾಗಿದ್ದ ಬಿಂದು ಆ ಒಂದು ಮಾತಿಗೆ ಕುಸಿದುಹೋದಳು. ಅಳು ಕಿತ್ತುಕೊಂಡು ಬಂತು. ಅಜ್ಜಿ ಅವಳನ್ನು ಅಳಲು ಬಿಟ್ಟು ಸುಮ್ಮನೆ ನೋಡುತ್ತಾ ಕೂತಿದ್ದಳು. ಆ ನೋಟ ನಿಧಾನವಾಗಿ ಬದಲಾಯಿತು.

"ಫೋನ್ ಎಲ್ಲೈತೆ?"

ಬಿಂದುವಿನ ಅಳು ಅಲ್ಲಿಗೇ ನಿಂತಿತು. ಟವೆಲ್ ಎತ್ತಿದಳು. ಪರದೆಯ ಮೇಲೆ ಹನ್ನೊಂದು ನಿಮಿಷ ದಾಟಿದ ಅಂಕಿಗಳು ಇನ್ನೂ ಓಡುತ್ತಿದ್ದವು. ಅಮ್ಮಯಮ್ಮ ಓದಲು ಬಾರದವಳು, ಆದರೆ ಓಡುವ ಅಂಕಿ ಅವಳಿಗೆ ಅರ್ಥವಾಯಿತು.

"ಇದಕ್ಕೂ ಇಟ್ಟಿದ್ಯಾ," ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಬಿಂದು ಅವಳ ಮುಂದೆಯೇ ಅದನ್ನು ಅಳಿಸಿದಳು. ಅಳಿಸಿದ್ದನ್ನು ತೋರಿಸಲು ಹೋದಳು. ಅಜ್ಜಿ ಮುಖ ಆಚೆ ತಿರುಗಿಸಿ ಸುತ್ತಿಗೆ ತೆಗೆದುಕೊಂಡಳು. ಒಂದು ಹಣ್ಣು ಜಜ್ಜಿದಳು, ಇನ್ನೊಂದು, ಮತ್ತೊಂದು. ಬುಟ್ಟಿಯ ಕಾಲುಭಾಗ ಮುಗಿಯಿತು. ಆಮೇಲೆ ಕೈ ನಿಲ್ಲಿಸಿ, ಬಿಂದುವಿಗಲ್ಲ, ಬುಟ್ಟಿಗೆ ಹೇಳುವಂತೆ ಹೇಳಿದಳು.

"ಚಪ್ಪಲಿ ಹೆಂಗೆ ಹಾಕ್ಕೊಳ್ಳೋದು ಈಗ? ಕಷ್ಟ ತೀರ್ಲಿ, ಆಮೇಲೆ ಮೆಟ್ತೀನಿ ಅಂದಿದೀನಿ ಸಪ್ಪಲಮ್ಮಂಗೆ. ಬಂದೇ ಇಲ್ಲದ ಕಷ್ಟ ಹೆಂಗೆ ತೀರತ್ತೆ? ಆರು ತಿಂಗಳಿಂದ ಹೋಗಿ ಹೋಗಿ ಬೇಡಿದೀನಿ. ಅವಳೂ ಹುಡುಕ್ತಾ ಇರ್ತಾಳೆ, ಎಲ್ಲೈತೆ ಇವಳ ಮೊಮ್ಮಗಳ ಕಷ್ಟ ಅಂತ. ಅವಳ ಮುಂದೆ ಸುಳ್ಳಿ ಆಗ್ಬಿಟ್ಟೆ ನಾನು." ಎದ್ದು ಸೆರಗು ಕೊಡವಿದಳು. "ನಡಿ. ನೀನೇ ಹೇಳು ಅವಳಿಗೆ."

ಸಪ್ಪಲಮ್ಮನ ಗುಡಿ ಊರಾಚೆ, ಏರ್‌ಪೋರ್ಟಿಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಹೊಂಗೆಮರದ ಕೆಳಗೆ ನಾಲ್ಕು ಕಲ್ಲು ಚಪ್ಪಡಿ, ಅರಿಸಿನ ಮೆತ್ತಿದ ಒಂದು ಕಲ್ಲು. ಜಗಲಿ ದಾಟುವಾಗ ಬಿಂದು ತನ್ನ ಚಪ್ಪಲಿಯನ್ನು ಬಿಟ್ಟೇ ಹೊರಟಳು. ಅಮ್ಮಯಮ್ಮ ಅದನ್ನು ನೋಡಿದಳು, ಹಾಕಿಕೋ ಎನ್ನಲಿಲ್ಲ. ಹನ್ನೆರಡು ಗಂಟೆಯ ಟಾರು ಅಂಗಾಲನ್ನು ಕಚ್ಚಿತು. ಬಿಂದು ರಸ್ತೆಯ ಅಂಚಿನ ಮಣ್ಣಿಗೆ ಹಾರಿದಳು, ಮಣ್ಣೂ ಸುಡುತ್ತಿತ್ತು. ಮುಂದೆ ಅಜ್ಜಿ ರಸ್ತೆಯ ಮೇಲೇ, ಹೆಜ್ಜೆ ತಪ್ಪದೆ ಹೋಗುತ್ತಿದ್ದಳು. ಕೈ ಹಿಡಿಯಲು ಹೋದರೆ ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಗುಡಿಯ ಮುಂದೆ ನಿಂತು ಬಿಂದು ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು. ಕತೆಯಾಗಿಸಲಿಲ್ಲ. ನಾನು ಹೇಳಿದೆ, ನಾನು ಇಟ್ಟೆ, ನಾನು ತೆಗೆದುಕೊಂಡು ಹೋದೆ ಎಂದೇ ಹೇಳಿದಳು. ನೆರಳಿಗೆ ನಿಂತಿದ್ದ ಇಬ್ಬರು ಕ್ಯಾಬ್ ಡ್ರೈವರ್‌ಗಳು ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ತಿರುಗಿ ನೋಡಿದರು. ಕೇಳಿಸಿಕೊಳ್ಳಲಿ ಎಂದು ಅವಳು ದನಿ ತಗ್ಗಿಸಲಿಲ್ಲ.

ಮುಗಿದ ಮೇಲೆ ಅಮ್ಮಯಮ್ಮ ಮುಂದೆ ಬಂದು ಕಲ್ಲಿನ ಮೇಲಿನ ಬಾಡಿದ ಹೂ ತೆಗೆದಳು. "ಅವತ್ತು ಬೇಡಿದ್ದು ಸುಳ್ಳಂತೆ ಕಣವ್ವ," ಎಂದಳು, ಬಾವಿಕಟ್ಟೆಯಲ್ಲಿ ಗೆಳತಿಯ ಜೊತೆ ಮಾತಾಡುವಂತೆ. "ಅದನ್ನ ಬಿಡು. ಈಗ ಅವಳಿಗೆ ನಿಜವಾಗ್ಲೂ ಒಂದು ಬಂದೈತೆ. ನಾಚಿಕೆ. ಮುಖ ನೋಡಿದ್ರೆ ಗೊತ್ತಾಗತ್ತೆ ನಿಂಗೆ. ಅದು ತೀರ್ಲಿ. ತೀರೋವರ್ಗೂ ನಾನು ಹಿಂಗೇ ಬರ್ತೀನಿ."

"ಬೇಡ ಅಜ್ಜಿ," ಎಂದಳು ಬಿಂದು. "ನಾನು ಬರಿಗಾಲಲ್ಲಿ ಇರ್ತೀನಿ. ನೀನು ಹಾಕ್ಕೋ."

"ನಿಂದು ನೀನು ಏನಾದ್ರೂ ಮಾಡ್ಕೋ. ಹರಕೆ ನಂದು."

ಬಿಂದುವಿನ ಫೋನ್ ಅಲುಗಿತು. ಕಾಂತರಾಜು. ಅವಳು ಅಜ್ಜಿಯ ಎದುರೇ ಸ್ಪೀಕರ್ ಹಾಕಿ ಎತ್ತಿದಳು.

"ಏನ್ ಗುರು, ಆಯ್ತಾ ಹೂಂ? ನಾಳೆ ಬೆಳಿಗ್ಗೆ ಮಿಕ್ಸಿಂಗ್ ಐತೆ."

"ಆ ದನಿ ನಂದಲ್ಲ ಕಾಂತರಾಜಣ್ಣ."

"ಏನು?"

"ನಮ್ಮಜ್ಜಿದು. ಹೆಸರು ಅಮ್ಮಯಮ್ಮ. ಅವಳಿಗೆ ಗೊತ್ತಿಲ್ಲದಂಗೆ ರೆಕಾರ್ಡ್ ಮಾಡಿದೆ. ನನ್ನ ಹೆಸರು ತೆಗೀಬೇಕು ನೀವು. ಸ್ಟುಡಿಯೋ ಸಾರ್‌ಗೆ ನಾನೇ ಬಂದು ಹೇಳ್ತೀನಿ."

"ಕೆಲಸ ಹೋಗತ್ತೆ ಕಣಮ್ಮ," ಎಂದ ಕಾಂತರಾಜು, ದನಿ ಇಳಿಸಿ. "ಈ ಸಲ ನಿಜವಾಗ್ಲೂ" ಎಂದುಕೊಂಡಳು ಬಿಂದು. ಅವನು ಮತ್ತೆ ಕೇಳಿದ: "ಅಜ್ಜಿ ಇಲ್ಲಿಗೆ ಬರ್ತಾರಾ ಹಂಗಾದ್ರೆ? ಗಾಜಿನ ರೂಮಲ್ಲಿ ನಿಂತು ಅವರೇ ಹೂಂ ಅಂದ್ರೂ ಆಗತ್ತೆ. ಹೆಸರು ಹಾಕೋಣ."

ಬಿಂದು ಅಜ್ಜಿಯ ಮುಖ ನೋಡಿದಳು.

"ಗಾಜಿನ ಡಬ್ಬೀಲಿ ನಿಂತ್ಕೊಂಡು ಯಾರಿಗೆ ಹೂಂ ಅನ್ಲಿ," ಎಂದಳು ಅಮ್ಮಯಮ್ಮ. "ಆಗಲ್ಲ ಅನ್ನು." ಎಂದವಳೇ ಊರಿನ ಕಡೆ ಹೊರಟಳು.

ಬಿಂದು ಫೋನಿಟ್ಟು ಹಿಂದೆ ಹಿಂದೆ ನಡೆದಳು. ನೆರಳಿಲ್ಲದ ರಸ್ತೆ ಮುಂದೆ ಉದ್ದಕ್ಕೂ ಬಿದ್ದಿತ್ತು. ಮನೆಗೆ ಹೋದ ಮೇಲೆ ಪಾಪಕ್ಕನಿಗೆ ಹೇಳಬೇಕು, ಚಿಕ್ಕಪ್ಪನಿಗೆ ಫೋನಿನ ಹೂಂ ತೆಗೆಯಲು ಹೇಳಬೇಕು, ಯಾಕೆಂದು ಅವನು ಕೇಳುತ್ತಾನೆ, ಅದನ್ನೂ ಹೇಳಬೇಕು. ಕಾಲು ಸುಡುತ್ತಿತ್ತು. ಅವಳು ಮಾತಾಡತೊಡಗಿದಳು. ಪಿ.ಜಿ.ಯ ಕೋಣೆಗೆ ಕಿಟಕಿ ಇಲ್ಲದ್ದು, ಭಾನುವಾರ ಯಾರೊಂದಿಗೂ ಒಂದು ಮಾತೂ ಆಡದೆ ಸಂಜೆಯಾಗಿಬಿಡುವುದು, ಸ್ಟುಡಿಯೋದಲ್ಲಿ ಎಲ್ಲರ ದನಿ ತನ್ನದಕ್ಕಿಂತ ಚೆನ್ನಾಗಿದೆ ಎಂದು ಒಳಗೊಳಗೇ ಹೆದರುವುದು. ಸಣ್ಣ ಸಣ್ಣ ಸಂಗತಿಗಳು, ಯಾವ ಕಂತಿಗೂ ಆಗದಂಥವು. ಆದರೆ ನಡೆದಂಥವು.

ಪ್ರತಿ ಮಾತಿನ ಕೊನೆಗೂ ಅವಳು ತಡೆದು ಕಾದಳು. ಹೂಂ ಬರಲಿಲ್ಲ. ಕತೆಯಾಗಿದ್ದರೆ ಅಲ್ಲಿಗೆ ನಿಲ್ಲಬೇಕಿತ್ತು. ಅವಳು ನಿಲ್ಲಿಸದೆ ಮುಂದಿನದನ್ನು ಹೇಳಿದಳು.

ಒಂದು ಲಾರಿ ಅವಳ ಮಾತಿನ ಮೇಲೆಯೇ ಹಾದುಹೋಯಿತು. ದೂಳು ಇಳಿದಾಗ ಮುಂದಿದ್ದ ಬರಿಗಾಲುಗಳ ನಡಿಗೆ ನಿಧಾನವಾಗಿತ್ತು. ಹಿಂದಿನವಳ ಮಾತು ಕೇಳಿಸುವಷ್ಟು ನಿಧಾನ.